ಹಸಿರು ಪಟ್ಟಿಯನ್ನು ಅನುಮಾನಿಸಲು ಕಲಿತದ್ದು

ಯೂನಿಟ್ ಟೆಸ್ಟ್ ಬರೆಯಲು ಬಳಸುವ ಫ್ರೇಮ್‌ವರ್ಕುಗಳು ನೋಡಲು ಬಹಳ ಸಣ್ಣವು. ಕೆಂಟ್ ಬೆಕ್ 1990ರ ದಶಕದಲ್ಲಿ ಸ್ಮಾಲ್‌ಟಾಕ್ ಭಾಷೆಗೆ ಎಸ್‌ಯುನಿಟ್ ಬರೆದರು. 1997ರಲ್ಲಿ ಅವರೂ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಜೊತೆಗೆ ಕುಳಿತು ಅದನ್ನು ಜಾವಾಕ್ಕೆ ತಂದರು. ಅದೇ ಜೆಯುನಿಟ್. ಒಂದು ವಿಮಾನ ಪ್ರಯಾಣದಲ್ಲಿ ಹುಟ್ಟಿದ ಈ ಸಾಧನವನ್ನು ನೆಟ್ಟಗೆ ಬಳಸಲು ನನಗೆ ವರ್ಷಗಳೇ ಹಿಡಿದವು.

ಬೆಂಗಳೂರಿನಲ್ಲಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ತಂಡದಲ್ಲಿ ನಾನು ಜಾವಾ ಬರೆಯುತ್ತೇನೆ. ಕೆಳಗಿರುವುದೆಲ್ಲ ಆ ಕೆಲಸದಲ್ಲಿ ಎಡವಿ ಕಲಿತದ್ದು. ಬಲ್ಲವರು ಇವುಗಳಲ್ಲಿ ಅರ್ಧಕ್ಕೆ ನಗಬಹುದು. ನಮ್ಮ ಕೋಡ್ ರಿವ್ಯೂಗಳಲ್ಲಿ ಆಗಲೇ ನಕ್ಕಿದ್ದಾರೆ.

1. ಬಿಲ್ಡ್ ಹಸಿರಾದರೆ ಟೆಸ್ಟ್ ಓಡಿತು ಎಂದರ್ಥವಲ್ಲ

ಮೊದಮೊದಲು ನಾನು ಬರೆದ ಟೆಸ್ಟ್ ಕ್ಲಾಸೊಂದಕ್ಕೆ 'ಬಿಲ್‌ಚೆಕ್' ಎಂದು ಹೆಸರಿಟ್ಟಿದ್ದೆ. ನನ್ನ ಕಂಪ್ಯೂಟರಿನಲ್ಲಿ, ಎಕ್ಲಿಪ್ಸ್ ಒಳಗೆ ಅದರ ಮೇಲೆ ಒತ್ತಿ ಓಡಿಸಿದರೆ ಹಸಿರು. ಸರ್ವರಿನ ಬಿಲ್ಡೂ ಹಸಿರು. ಆದರೆ ಮೇವೆನ್‌ನಲ್ಲಿ ಟೆಸ್ಟ್ ಓಡಿಸುವ ಶ್ಯೂರ್‌ಫೈರ್ ಎಂಬ ಪ್ಲಗಿನ್, ಬೇರೆ ಏನೂ ಹೇಳದಿದ್ದರೆ, 'ಟೆಸ್ಟ್' ಎಂದು ಶುರುವಾಗುವ ಅಥವಾ 'ಟೆಸ್ಟ್', 'ಟೆಸ್ಟ್ಸ್', 'ಟೆಸ್ಟ್‌ಕೇಸ್' ಎಂದು ಮುಗಿಯುವ ಕ್ಲಾಸುಗಳನ್ನಷ್ಟೇ ಹುಡುಕುತ್ತದೆ. ನನ್ನ ಬಿಲ್‌ಚೆಕ್ ಸರ್ವರಿನಲ್ಲಿ ಒಂದು ದಿನವೂ ಓಡಿರಲಿಲ್ಲ.

ಮುಂದೆ ಜೆಯುನಿಟ್ 4ರಿಂದ 5ಕ್ಕೆ ಬಂದಾಗ ಅದೇ ಹೊಂಡಕ್ಕೆ ಇನ್ನೊಂದು ದಾರಿಯಿಂದ ಬಿದ್ದೆ. ಎರಡರಲ್ಲೂ @ಟೆಸ್ಟ್ ಎಂಬ ಗುರುತೇ ಇದೆ, ಪ್ಯಾಕೇಜ್ ಮಾತ್ರ ಬೇರೆ. ಎಡಿಟರ್ ತಾನಾಗಿ ಹಳೆಯದನ್ನು ಇಂಪೋರ್ಟ್ ಮಾಡಿತ್ತು. ಹಳೆಯ ಟೆಸ್ಟುಗಳನ್ನು ಓಡಿಸುವ ವಿಂಟೇಜ್ ಎಂಜಿನ್ ನಮ್ಮ ಪ್ರಾಜೆಕ್ಟಿನಲ್ಲಿ ಇರಲಿಲ್ಲ. ಹೊಸ ಎಂಜಿನ್ ಆ ಟೆಸ್ಟುಗಳನ್ನು ಕಂಡೂ ಕಾಣದಂತೆ ಮುಂದೆ ಹೋಯಿತು. ಎಚ್ಚರಿಕೆ ಇಲ್ಲ, ಕೆಂಪು ಇಲ್ಲ. ಈಗ ಟೆಸ್ಟ್ ಸೇರಿಸಿದಾಗಲೆಲ್ಲ ನಾನು ನೋಡುವುದು ಬಣ್ಣವನ್ನಲ್ಲ, ಎಷ್ಟು ಟೆಸ್ಟ್ ಓಡಿದವು ಎಂಬ ಸಂಖ್ಯೆಯನ್ನು. ಅದು ಏರಿರಬೇಕು.

2. ಒಮ್ಮೆಯೂ ಕೆಂಪಾಗದ ಟೆಸ್ಟನ್ನು ನಂಬಬೇಡಿ

ತಪ್ಪು ಜಿಎಸ್‌ಟಿ ಸಂಖ್ಯೆ ಕೊಟ್ಟರೆ ನಮ್ಮ ಗ್ರಾಹಕ ಕ್ಲಾಸು ಎಕ್ಸೆಪ್ಶನ್ ಎಸೆಯಬೇಕಿತ್ತು. ಅದಕ್ಕೆ ಟೆಸ್ಟ್ ಬರೆದೆ: ಟ್ರೈ ಒಳಗೆ ತಪ್ಪು ಸಂಖ್ಯೆ ಕೊಡುವುದು, ಕ್ಯಾಚ್ ಒಳಗೆ ಸಂದೇಶ ಸರಿಯಿದೆಯೇ ಎಂದು ನೋಡುವುದು. ಹಸಿರು. ರಿವ್ಯೂ ಮಾಡುತ್ತಿದ್ದ ಹಿರಿಯ ಸಹೋದ್ಯೋಗಿ ಕೇಳಿದರು: "ಇದು ಕೆಂಪಾಗಿದ್ದನ್ನ ಯಾವತ್ತಾದ್ರೂ ನೋಡಿದೀರಾ?"

"ಸರಿಯಾಗಿ ಬರೆದಿದೀನಲ್ಲ ಸರ್, ಯಾಕೆ ಕೆಂಪಾಗುತ್ತೆ?"

ಅವರು ಏನೂ ಹೇಳದೆ, ಕ್ಲಾಸಿನಲ್ಲಿ ಸಂಖ್ಯೆ ಪರೀಕ್ಷಿಸುವ ಸಾಲುಗಳನ್ನೇ ಅಳಿಸಿ ಓಡಿಸಿದರು. ಆಗಲೂ ಹಸಿರು. ಎಕ್ಸೆಪ್ಶನ್ ಬರದೇ ಹೋದರೆ ಕ್ಯಾಚ್ ಒಳಗೆ ಯಾರೂ ಹೋಗುವುದೇ ಇಲ್ಲ. ಮೆಥಡ್ ಸುಮ್ಮನೆ ಮುಗಿಯುತ್ತದೆ. ಸುಮ್ಮನೆ ಮುಗಿದ ಮೆಥಡ್ ಜೆಯುನಿಟ್ ಲೆಕ್ಕದಲ್ಲಿ ಪಾಸು. ಟ್ರೈ ಕೊನೆಯಲ್ಲಿ 'ಫೇಲ್' ಎಂದು ಒಂದು ಸಾಲು ಇರಬೇಕಿತ್ತು. ಈಗ ಅಸರ್ಟ್‌ಥ್ರೋಸ್ ಇದೆ, ಈ ಗೋಜೇ ಇಲ್ಲ. ಹಾಗೆಂದು ಇದು ಆ ಒಂದು ಮೆಥಡ್ಡಿನ ವಿಷಯವಲ್ಲ. ಜಾವಾ ಭಾಷೆಯದೇ ಆದ 'ಅಸರ್ಟ್' ಪದವನ್ನೂ ನಾನು ಕೆಲವು ಕಡೆ ಬಳಸಿದ್ದೆ. ಆ ಸೌಲಭ್ಯ ಚಾಲೂ ಮಾಡದೆ ಪ್ರೋಗ್ರಾಂ ಓಡಿಸಿದರೆ ಜಾವಾ ಆ ಸಾಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ಕೆಂಟ್ ಬೆಕ್ ತಮ್ಮ ಟೆಸ್ಟ್-ಡ್ರಿವನ್ ಡೆವಲಪ್‌ಮೆಂಟ್ ಪುಸ್ತಕದಲ್ಲಿ ಮೊದಲು ಕೆಂಪು, ಆಮೇಲೆ ಹಸಿರು ಎಂಬ ಕ್ರಮ ಹಾಕಿಕೊಟ್ಟಿದ್ದಾರೆ. ಅದು ಶಿಸ್ತಿನ ಮಾತು ಎಂದುಕೊಂಡು ನಾನು ಅಸಡ್ಡೆ ಮಾಡಿದ್ದೆ. ಅದು ಟೆಸ್ಟನ್ನೇ ಪರೀಕ್ಷಿಸುವ ವಿಧಾನ. ಟೆಸ್ಟ್ ಮೊದಲು ಬರೆಯುವ ಅಭ್ಯಾಸ ನನಗೆ ಪೂರ್ತಿ ಈಗಲೂ ಕೂಡಿಬಂದಿಲ್ಲ. ಆದರೆ ಆಮೇಲೆ ಬರೆದರೂ ಕೋಡಿನ ಒಂದು ಸಾಲನ್ನು ಬೇಕೆಂದೇ ಕೆಡಿಸಿ, ಟೆಸ್ಟ್ ಬಿದ್ದದ್ದನ್ನು ಕಣ್ಣಾರೆ ನೋಡಿ, ನಂತರವೇ ಕಮಿಟ್ ಮಾಡುತ್ತೇನೆ.

3. ಉತ್ತರವನ್ನು ಕಾಗದದ ಮೇಲೆ ತೆಗೆಯಿರಿ

2017ರ ಜುಲೈ 1ಕ್ಕೆ ಜಿಎಸ್‌ಟಿ ಜಾರಿಗೆ ಬರುವ ಮುಂಚಿನ ದಿನಗಳ ಗಡಿಬಿಡಿ ಬಿಲ್ಲಿಂಗ್ ಕ್ಷೇತ್ರದ ಯಾರನ್ನು ಕೇಳಿದರೂ ಹೇಳುತ್ತಾರೆ. ಶೇ 18ರ ತೆರಿಗೆಯನ್ನು ರಾಜ್ಯದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ ಶೇ 9, ಎಸ್‌ಜಿಎಸ್‌ಟಿ ಶೇ 9 ಎಂದು ಒಡೆಯಬೇಕು. ನಾನು ಶೇ 18 ಲೆಕ್ಕ ಹಾಕಿ, ಪೈಸೆಗೆ ದುಂಡಾಗಿಸಿ, ಅದನ್ನು ಅರ್ಧ ಮಾಡಿ ಎರಡು ಸಾಲಿನಲ್ಲಿ ಮುದ್ರಿಸುತ್ತಿದ್ದೆ. ಟೆಸ್ಟಿನಲ್ಲಿ ಬರಬೇಕಾದ ಉತ್ತರವನ್ನೂ ಅದೇ ಸೂತ್ರ ನಕಲು ಮಾಡಿಯೇ ಬರೆದಿದ್ದೆ. ಪ್ರಶ್ನೆಪತ್ರಿಕೆಯೂ ನನ್ನದೇ, ಉತ್ತರಪತ್ರಿಕೆಯೂ ನನ್ನದೇ, ಮೌಲ್ಯಮಾಪನವೂ ನನ್ನದೇ. ಸಾಲದ್ದಕ್ಕೆ ಟೆಸ್ಟಿಗೆ ಆರಿಸಿದ ಬೆಲೆಗಳು 100 ರೂಪಾಯಿ, 1000 ರೂಪಾಯಿ.

ಗ್ರಾಹಕರೊಬ್ಬರ ಲೆಕ್ಕಿಗರು ಫೋನ್ ಮಾಡಿದರು: "ನಿಮ್ಮ ಬಿಲ್ಲಲ್ಲಿ ಎರಡು ಟ್ಯಾಕ್ಸ್ ಕೂಡಿದ್ರೆ ಕೆಳಗಿನ ಮೊತ್ತಕ್ಕಿಂತ ಒಂದು ಪೈಸೆ ಜಾಸ್ತಿ ಬರುತ್ತಲ್ಲ ಸಾರ್?" 10 ರೂಪಾಯಿ 50 ಪೈಸೆಯ ವಸ್ತು. ಅದರ ಶೇ 18 ಎಂದರೆ 1.89. ಅರ್ಧ ಮಾಡಿದರೆ 0.945, ಮುದ್ರಿಸುವಾಗ ದುಂಡಾಗಿ 0.95. ಎರಡು 0.95 ಸೇರಿದರೆ 1.90, ಕೆಳಗಿನ ಮೊತ್ತ ಮಾತ್ರ 1.89. ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಬೇರೆಬೇರೆ ಕಾಯಿದೆಯ ತೆರಿಗೆಗಳು. ಒಂದೊಂದನ್ನೂ ಬೇರೆಯಾಗಿ ಲೆಕ್ಕಹಾಕಿ, ದುಂಡಾಗಿಸಿ, ಆಮೇಲೆ ಕೂಡಬೇಕಿತ್ತು. ನೂರು, ಸಾವಿರದಂಥ ಸಭ್ಯ ಸಂಖ್ಯೆಗಳಲ್ಲಿ ಈ ತಪ್ಪು ಎಂದೂ ಕಾಣಿಸುವುದಿಲ್ಲ.

ಅಂದಿನಿಂದ ಬರಬೇಕಾದ ಉತ್ತರವನ್ನು ಸೂತ್ರದಿಂದ ಬರೆಯುವುದನ್ನು ಬಿಟ್ಟೆ. ಸಾಧ್ಯವಾದರೆ ಲೆಕ್ಕಿಗರಿಂದಲೇ ಕೈಲೆಕ್ಕದ ನಾಲ್ಕಾರು ಉದಾಹರಣೆ ಕೇಳಿ ತಂದು, ಬಂದ ಸಂಖ್ಯೆಗಳನ್ನು ಹಾಗೆಹಾಗೆಯೇ ಟೆಸ್ಟಿನಲ್ಲಿ ಇಡುತ್ತೇನೆ. ಅವರು ಕೊಡುವ ಉದಾಹರಣೆಗಳು ಯಾವಾಗಲೂ ಅಡ್ಡಾದಿಡ್ಡಿಯಾಗಿರುತ್ತವೆ. ಬೇಕಾಗಿರುವುದೂ ಅಂಥವೇ.

4. ಡೆಲ್ಟಾ ಹಿಗ್ಗಿಸಿ ಟೆಸ್ಟ್ ಪಾಸು ಮಾಡಬೇಡಿ

ಇದಕ್ಕೂ ಮೊದಲು ಹಣವನ್ನು ಡಬಲ್‌ನಲ್ಲಿ ಇಟ್ಟಿದ್ದೆ ಎಂದು ಹೇಳಲು ನಾಚಿಕೆ. ಡಬಲ್‌ಗಳನ್ನು ಹೋಲಿಸುವಾಗ ಎಷ್ಟು ವ್ಯತ್ಯಾಸವನ್ನು ಸಹಿಸಬೇಕೆಂದು ಜೆಯುನಿಟ್‌ಗೆ ಹೇಳಬಹುದು, ಅದು ಡೆಲ್ಟಾ. ಟೆಸ್ಟ್ ಬಿದ್ದಾಗಲೆಲ್ಲ ನಾನು ಡೆಲ್ಟಾ ಹಿಗ್ಗಿಸುತ್ತ ಹೋಗಿ ಅದು 0.5ಕ್ಕೆ ಬಂದು ನಿಂತಿತ್ತು. ಎಂದರೆ ಐವತ್ತು ಪೈಸೆಯವರೆಗಿನ ತಪ್ಪಿಗೆ ನಾನೇ ರಹದಾರಿ ಕೊಟ್ಟಿದ್ದೆ. ಬಿಗ್‌ಡೆಸಿಮಲ್‌ಗೆ ಬಂದ ಮೇಲೆ ಮತ್ತೊಂದು ಪಾಠ: 118.0 ಮತ್ತು 118.00 ಅದರ 'ಈಕ್ವಲ್ಸ್' ಮೆಥಡ್ಡಿಗೆ ಒಂದೇ ಅಲ್ಲ, 'ಕಂಪೇರ್‌ಟು'ಗೆ ಒಂದೇ. ಅಸರ್ಟ್‌ಈಕ್ವಲ್ಸ್ ಮೊದಲಿನದನ್ನು ಕೇಳುತ್ತದೆ.

5. ಬರಬೇಕಾದದ್ದು ಮೊದಲು, ಬಂದದ್ದು ಆಮೇಲೆ

ಜೆಯುನಿಟ್‌ನ ಅಸರ್ಟ್‌ಈಕ್ವಲ್ಸ್‌ನಲ್ಲಿ ಮೊದಲು ನಿರೀಕ್ಷಿತ ಉತ್ತರ, ನಂತರ ಕೋಡು ಕೊಟ್ಟ ಉತ್ತರ. ಟೆಸ್ಟ್‌ಎನ್‌ಜಿಯಲ್ಲಿ ತಿರುಗುಮುರುಗು. ಅದಲುಬದಲಾದರೂ ಹಸಿರು ಹಸಿರೇ; ಬಿದ್ದಾಗ ಮಾತ್ರ ಸಂದೇಶ ಉಲ್ಟಾ ಬಂದು, ಸರಿಯಿರುವ ಕೋಡನ್ನು ತಿದ್ದಲು ಕೂರುತ್ತೀರಿ. ನಾನು ಕೂತಿದ್ದೇನೆ.

6. ಟೆಸ್ಟ್ ಬರೆಯಲು ಹೆಣಗಾಡುತ್ತಿದ್ದರೆ ಕ್ಲಾಸನ್ನು ನೋಡಿ

ಈ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ನಮ್ಮ 'ಬಿಲ್' ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲೇ ಡೇಟಾಬೇಸ್ ಸಂಪರ್ಕ ತೆರೆಯುತ್ತಿತ್ತು. ತೆರಿಗೆ ದರ ಒಂದು ಸಿಂಗಲ್ಟನ್‌ನಿಂದ ಬರುತ್ತಿತ್ತು. ದಿನಾಂಕವನ್ನು ಕ್ಲಾಸು ನೇರವಾಗಿ ಗಡಿಯಾರದಿಂದ ಓದುತ್ತಿತ್ತು. ಲೆಕ್ಕ ಮುಗಿದ ಕೂಡಲೇ ಪ್ರಿಂಟರಿಗೂ ತಾನೇ ಕಳಿಸುತ್ತಿತ್ತು. ಅಂದರೆ ಎರಡು ವಸ್ತುಗಳ ಬೆಲೆ ಕೂಡುವುದನ್ನು ಪರೀಕ್ಷಿಸಬೇಕಾದರೂ ಡೇಟಾಬೇಸ್ ಎಬ್ಬಿಸಬೇಕು, ಪ್ರಿಂಟರಿಗೆ ಕಾಗದ ಹಾಕಬೇಕು. ನಾನು ಎಲ್ಲರೆದುರು "ಜೆಯುನಿಟ್ ನಮ್ಮಂಥ ಪ್ರಾಜೆಕ್ಟಿಗೆ ಆಗಿಬರೋದಿಲ್ಲ" ಎಂದು ತೀರ್ಪು ಕೊಟ್ಟಿದ್ದೆ. ಖಾಸಗಿ ಮೆಥಡ್ಡುಗಳನ್ನು ರಿಫ್ಲೆಕ್ಷನ್ ಹಾಕಿ ಹೊರಗೆಳೆದು ಪರೀಕ್ಷಿಸುವ ಕಸರತ್ತನ್ನೂ ಮಾಡಿದೆ. ಮೆಥಡ್ಡಿನ ಹೆಸರು ಬದಲಿಸಿದ ಮೊದಲ ದಿನವೇ ಅದೆಲ್ಲ ಕುಸಿಯಿತು.

ಮೈಕೆಲ್ ಫೆದರ್ಸ್ 2004ರಲ್ಲಿ ಹಳೆಯ ಕೋಡಿನೊಂದಿಗೆ ಹೆಣಗುವವರಿಗಾಗಿಯೇ ಒಂದು ಪುಸ್ತಕ ಬರೆದರು. ಟೆಸ್ಟ್ ಇಲ್ಲದ ಕೋಡನ್ನೇ ಅವರು ಲೆಗಸಿ ಎನ್ನುವುದು. ನಿನ್ನೆ ಬರೆದದ್ದಾದರೂ ಸರಿ. ಕೋಡನ್ನು ಅಲ್ಲೇ ತಿದ್ದದೆ ಅದರ ವರ್ತನೆಯನ್ನು ಬದಲಿಸಬಹುದಾದ ಜಾಗಗಳನ್ನು ಹುಡುಕಿ ಎನ್ನುತ್ತಾರೆ. ನಮ್ಮ ಬಿಲ್ ಕ್ಲಾಸಿನಲ್ಲಿ ಅಂಥ ಜಾಗ ಒಂದೂ ಇರಲಿಲ್ಲ, ಏಕೆಂದರೆ ಬೇಕಾದದ್ದನ್ನೆಲ್ಲ ಅದು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ದರಪಟ್ಟಿಯನ್ನು ಒಂದು ಇಂಟರ್‌ಫೇಸ್ ಮಾಡಿ ಕನ್‌ಸ್ಟ್ರಕ್ಟರಿಗೆ ಹೊರಗಿನಿಂದ ಕೊಟ್ಟೆವು. ಪ್ರಿಂಟರ್ ಮತ್ತು ಡೇಟಾಬೇಸ್ ಬೇರೆ ಕ್ಲಾಸಿಗೆ ಹೋದವು. ಉಳಿದದ್ದು ಸಂಖ್ಯೆ ತೆಗೆದುಕೊಂಡು ಸಂಖ್ಯೆ ಕೊಡುವ ಪುಟ್ಟ ಕ್ಲಾಸು. ಅದಕ್ಕೆ ಟೆಸ್ಟ್ ಬರೆಯುವುದು ನೀರು ಕುಡಿದಷ್ಟು ಸುಲಭ. ಕಾಲೇಜಿನಲ್ಲಿ ಎನ್‌ಕ್ಯಾಪ್ಸುಲೇಶನ್, ಪಾಲಿಮಾರ್ಫಿಸಂ ಎಂದು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆ. ಪಾಲಿಮಾರ್ಫಿಸಂ ಯಾತಕ್ಕೆ ಬೇಕೆಂದು ಅರ್ಥವಾದದ್ದು ಆ ದರಪಟ್ಟಿಯ ಜಾಗದಲ್ಲಿ ಟೆಸ್ಟಿಗಾಗಿ ಇನ್ನೊಂದು ಸುಳ್ಳು ದರಪಟ್ಟಿ ಇಟ್ಟ ದಿನ.

7. ಗಡಿಯಾರವನ್ನೂ ಹೊರಗಿನಿಂದ ಕೊಡಿ

ಜಿಎಸ್‌ಟಿ ನಿಯಮದಂತೆ ಬಿಲ್ಲಿನ ಕ್ರಮಸಂಖ್ಯೆ ಆ ಹಣಕಾಸು ವರ್ಷದೊಳಗೆ ಪುನರಾವರ್ತನೆ ಆಗಬಾರದು. ನಮ್ಮ ಸಾಫ್ಟ್‌ವೇರ್ ಪ್ರತಿ ಏಪ್ರಿಲ್ 1ಕ್ಕೆ ಹೊಸ ಸರಣಿ ಶುರು ಮಾಡುತ್ತದೆ. ಅದಕ್ಕೆ ಟೆಸ್ಟ್ ಇತ್ತು. ಆದರೆ ಅದು ಓಡಿದ ದಿನದ ತಾರೀಕನ್ನೇ ಓದುತ್ತಿದ್ದರಿಂದ ವರ್ಷದ ಗಡಿ ದಾಟುವ ಕ್ಷಣವನ್ನು ಎಂದೂ ಕಂಡಿರಲಿಲ್ಲ. ಒಂದು ಏಪ್ರಿಲ್ 1ರ ಬೆಳಿಗ್ಗೆ ಹಾಲಿನ ಬೂತೊಂದರಲ್ಲಿ ಐದು ಗಂಟೆಗೆ ಕೊಟ್ಟ ಬಿಲ್ಲುಗಳೆಲ್ಲ ಹಳೆಯ ವರ್ಷದ ಸರಣಿಯಲ್ಲೇ ಬಂದವು. ಐದೂವರೆಯ ನಂತರದವು ಸರಿಯಿದ್ದವು. ಸರ್ವರ್ ಯುಟಿಸಿ ಸಮಯದಲ್ಲಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೂತಿನಲ್ಲಿ ಏಪ್ರಿಲ್ 1ರ ಬೆಳಗಿನ ಐದು ಎಂದರೆ ಸರ್ವರಿನಲ್ಲಿ ಮಾರ್ಚ್ 31ರ ರಾತ್ರಿ ಹನ್ನೊಂದೂವರೆ. ಹತ್ತು ಗಂಟೆಗೆ ಬಾಗಿಲು ತೆಗೆಯುವ ಬಟ್ಟೆ ಅಂಗಡಿಯವರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ.

2014ರಲ್ಲಿ ಬಂದ ಜಾವಾ 8ರಲ್ಲಿ 'ಕ್ಲಾಕ್' ಎಂಬ ಕ್ಲಾಸಿದೆ. ಅದನ್ನು ಕನ್‌ಸ್ಟ್ರಕ್ಟರಿಗೆ ಕೊಟ್ಟರೆ, ಟೆಸ್ಟಿನಲ್ಲಿ 'ಕ್ಲಾಕ್.ಫಿಕ್ಸ್ಡ್' ಬಳಸಿ ಬೇಕಾದ ಕ್ಷಣದಲ್ಲಿ ಕಾಲವನ್ನು ನಿಲ್ಲಿಸಬಹುದು. ಈಗ ನಮ್ಮಲ್ಲಿ ಮಾರ್ಚ್ 31, ಏಪ್ರಿಲ್ 1, ಫೆಬ್ರುವರಿ 29 ಮೂರಕ್ಕೂ, ಬೆಳಗಿನ ಐದೂವರೆಯ ಎರಡೂ ಬದಿಗೂ ಟೆಸ್ಟ್ ಇವೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಬದಲಾದಾಗ ಹಿಂದಿನ ದಿನದ ಬಿಲ್ಲಿಗೆ ಹಳೆಯ ದರ, ಅಂದಿನದಕ್ಕೆ ಹೊಸದು ಎಂಬುದನ್ನು ಹೀಗೆಯೇ, ಆ ದಿನ ಬರುವ ಮೊದಲೇ, ನೋಡಿಕೊಳ್ಳಲು ಆಯಿತು.

8. ಮಾಕ್ ಮೇಲೆ ಮಾಕ್ ಪೇರಿಸಬೇಡಿ

ಅಸಲಿಯ ಜಾಗಕ್ಕೆ ನಕಲಿ ಆಬ್ಜೆಕ್ಟ್, ಅಂದರೆ ಮಾಕ್, ಮಾಡಿಕೊಡುವ ಮಾಕಿಟೋ ಕಲಿತ ಹೊಸದರಲ್ಲಿ ಕಂಡದ್ದನ್ನೆಲ್ಲ ಮಾಕ್ ಮಾಡಿದೆ. ಯಾವ ಮೆಥಡ್ಡನ್ನು ಎಷ್ಟು ಬಾರಿ ಕರೆಯಲಾಯಿತು ಎಂದು ಸಾಲುಸಾಲಾಗಿ 'ವೆರಿಫೈ' ಬರೆದೆ. ಕೋಡಿನ ಪ್ರತಿ ಸಾಲಿಗೂ ಟೆಸ್ಟಿನಲ್ಲಿ ಒಂದು ಸಾಲು. ನಡತೆ ಕಿಂಚಿತ್ತೂ ಬದಲಾಗದಂತೆ ಒಳಗಿನ ಕೋಡನ್ನು ಸ್ವಲ್ಪ ಒಪ್ಪವಾಗಿಸಿದರೂ ರಾಶಿ ಟೆಸ್ಟುಗಳು ಕೆಂಪಾದವು. ಕೆಂಪಾಗಬೇಕಾದಾಗ ಮಾತ್ರ ಆಗಲಿಲ್ಲ: ಗ್ರಾಹಕ ಸಿಗದಿದ್ದರೆ ಖಾಲಿ ಪಟ್ಟಿ ಕೊಡು ಎಂದು ನನ್ನ ಮಾಕ್‌ಗೆ ಹೇಳಿಕೊಟ್ಟಿದ್ದೆ. ಅಸಲಿ ಕ್ಲಾಸು ಅಂಥ ಸಂದರ್ಭದಲ್ಲಿ ನಲ್ ಕೊಡುತ್ತಿತ್ತು. ಟೆಸ್ಟಿನಲ್ಲಿ ಸುಖಸಂಸಾರ, ಅಂಗಡಿಯಲ್ಲಿ ನಲ್ ಪಾಯಿಂಟರ್.

ಮಾರ್ಟಿನ್ ಫೌಲರ್ ಮಾಕ್ ಮತ್ತು ಸ್ಟಬ್ ಒಂದೇ ಅಲ್ಲವೆಂದು ವಿವರಿಸಿ ಬರೆದ ಲೇಖನವನ್ನು ತಡವಾಗಿ ಓದಿದೆ. ಈಗ ಪ್ರಿಂಟರ್, ಎಸ್‌ಎಂಎಸ್ ಕಳಿಸುವ ಸೇವೆಯಂಥ ಹೊರಗಿನ ಬಾಗಿಲುಗಳಿಗಷ್ಟೇ ಮಾಕ್. ಸಂಗ್ರಹಣೆಗೆ, ಅದೇ ಇಂಟರ್‌ಫೇಸ್ ಪಾಲಿಸುವ, ಮ್ಯಾಪ್ ಒಂದರಲ್ಲಿ ದತ್ತಾಂಶ ಇಟ್ಟುಕೊಳ್ಳುವ ಚಿಕ್ಕ ನಕಲಿ ಕ್ಲಾಸು. ಅಸಲಿಗೂ ನಕಲಿಗೂ ಒಂದೇ ಟೆಸ್ಟುಗಳನ್ನು ಓಡಿಸುತ್ತೇವೆ. ಇದನ್ನು ಒಪ್ಪದ ಗೆಳೆಯರೂ ಇದ್ದಾರೆ; ಅವರ ಮಾಕ್‌ಭರಿತ ಟೆಸ್ಟುಗಳು ನನ್ನವಕ್ಕಿಂತ ವೇಗವಾಗಿಯೇ ಓಡುತ್ತವೆ.

9. ಟೆಸ್ಟುಗಳ ನಡುವೆ ಸ್ಟ್ಯಾಟಿಕ್ ಹಂಚಬೇಡಿ

ಜೆಯುನಿಟ್ ಪ್ರತಿ ಟೆಸ್ಟ್ ಮೆಥಡ್ಡಿಗೂ ಆ ಕ್ಲಾಸಿನ ಹೊಸ ಆಬ್ಜೆಕ್ಟ್ ಸೃಷ್ಟಿಸುತ್ತದೆ. ಒಂದರ ಎಂಜಲು ಇನ್ನೊಂದಕ್ಕೆ ತಾಗದಿರಲಿ ಎಂದೇ ಆ ಏರ್ಪಾಡು. ನಾನು ಜಾಣತನ ಮಾಡಿ ಗ್ರಾಹಕರ ಪಟ್ಟಿಯನ್ನು ಸ್ಟ್ಯಾಟಿಕ್ ಮಾಡಿದೆ: ಮೊದಲ ಟೆಸ್ಟ್ ತುಂಬಿಸುತ್ತದೆ, ಎರಡನೆಯದು ಓದುತ್ತದೆ. ಜಾವಾ 7ಕ್ಕೆ ಬಂದಾಗ ರಿಫ್ಲೆಕ್ಷನ್ ಕೊಡುವ ಮೆಥಡ್ಡುಗಳ ಕ್ರಮ ಬರೆದ ಕ್ರಮದಲ್ಲೇ ಇರುತ್ತದೆಂಬ ನನ್ನ ನಂಬಿಕೆ ಸುಳ್ಳಾಯಿತು. ಒಮ್ಮೆ ಪಾಸು, ಒಮ್ಮೆ ಫೇಲು. ಜೆಯುನಿಟ್ 4.11 ಒಂದು ಸ್ಥಿರ ಕ್ರಮ ತಂದುಕೊಟ್ಟಿತು. ಕಾಯಿಲೆ ನನ್ನದಾದ್ದರಿಂದ ಔಷಧ ಅಲ್ಲಿರಲಿಲ್ಲ.

10. ಟೆಸ್ಟುಗಳಿಗೆ ಪಿತ್ರಾರ್ಜಿತ ಬೇಡ

ಜೆಯುನಿಟ್ 3ರಲ್ಲಿ ಪ್ರತಿ ಟೆಸ್ಟೂ 'ಟೆಸ್ಟ್‌ಕೇಸ್' ಕ್ಲಾಸಿನಿಂದ ಇಳಿದು ಬರಬೇಕಿತ್ತು. 2006ರ ಜೆಯುನಿಟ್ 4 ಆ ಕಟ್ಟಳೆ ತೆಗೆದುಹಾಕಿತು. ನಾವು ಅದನ್ನು 'ಬೇಸ್‌ಟೆಸ್ಟ್' ಎಂಬ ನಮ್ಮದೇ ಕ್ಲಾಸಿನಿಂದ ಮತ್ತೆ ಹೇರಿಕೊಂಡೆವು. ಅದು ಮನೆಯ ಅಟ್ಟದ ಹಾಗೆ: ಎಲ್ಲಿಡಬೇಕೆಂದು ತೋಚದ್ದನ್ನೆಲ್ಲ ಅಲ್ಲಿಗೆ ಎಸೆದೆವು. ಕೊನೆಗೆ ಸ್ಟ್ರಿಂಗ್ ಒಂದನ್ನು ಪರೀಕ್ಷಿಸುವ ಟೆಸ್ಟೂ ಹತ್ತಾರು ಟೇಬಲ್ ತುಂಬಿಸಿದ ಮೇಲೆಯೇ ಶುರುವಾಗುತ್ತಿತ್ತು. ಬೇಕಾದ ಆಬ್ಜೆಕ್ಟ್ ಕಟ್ಟಿಕೊಡುವ ಪುಟ್ಟ ಬಿಲ್ಡರ್ ಕ್ಲಾಸುಗಳು ಸಾಕು.

11. ಟೆಸ್ಟಿನಲ್ಲಿ ನಿಮ್ಮ ಊರಿನ ಹೆಸರು ಇರಲಿ

ನನ್ನ ಟೆಸ್ಟುಗಳಲ್ಲಿ ಗ್ರಾಹಕರ ಹೆಸರು ಎಬಿಸಿ, ಎಕ್ಸ್‌ವೈಜೆಡ್, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಬಿಲ್ ಮುದ್ರಿಸಲು ಹೊರಟಾಗ ಒಂದು ಟೆಸ್ಟ್ ಬಿದ್ದು ಹೀಗೆಂದಿತು: ನಿರೀಕ್ಷಿಸಿದ್ದು 'ಕೊಡಗು', ಬಂದದ್ದು 'ಕೊಡಗು'. ಕಣ್ಣು ಉಜ್ಜಿಕೊಂಡು ನೋಡಿದರೂ ವ್ಯತ್ಯಾಸವಿಲ್ಲ. ಕನ್ನಡದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಜಾವಾಕ್ಕೆ ಬೇರೆಬೇರೆ. ನಮೂದಿಸಿದ ಪಠ್ಯವನ್ನೆಲ್ಲ 'ನಾರ್ಮಲೈಸರ್' ಮೂಲಕ ಎನ್‌ಎಫ್‌ಸಿ ರೂಪಕ್ಕೆ ತಂದು ಉಳಿಸಿದ ಮೇಲೆ ಗ್ರಾಹಕರನ್ನು ಹುಡುಕಿದರೆ ಸಿಗತೊಡಗಿದರು. ಅಲ್ಲಿಯವರೆಗೆ ಒಬ್ಬರದೇ ಖಾತೆ ಎರಡೆರಡು ಬಾರಿ ತೆರೆದಿತ್ತು.

ಉದ್ದದ ಲೆಕ್ಕವೂ ಹಾಗೆಯೇ. 'ಶ್ರೀನಿವಾಸ' ನಮಗೆ ನಾಲ್ಕು ಅಕ್ಷರ, ಜಾವಾಕ್ಕೆ ಒಂಬತ್ತು. ಅಗಲ ಸಾಲದೆಂದು ಐದಕ್ಕೆ ಕತ್ತರಿಸಿದರೆ ಉಳಿಯುವುದು 'ಶ್ರೀನ'. ಚೀಟಿಯಲ್ಲಿ ತಮ್ಮ ಹೆಸರಿನ ಗುಣಿತ ಹಾರಿಹೋದದ್ದನ್ನು ಯಾವ ಗ್ರಾಹಕರೂ ಕ್ಷಮಿಸುವುದಿಲ್ಲ.

12. ಕವರೇಜ್ ಒಂದು ಸುಳಿವು ಅಷ್ಟೇ

ಕವರೇಜ್ ಶೇಕಡಾವಾರು ಇಷ್ಟಿರಬೇಕು ಎಂದು ಮೇಲಿನವರು ಹೇಳಿದಾಗ ನಾನು ಗೆಟರ್, ಸೆಟರ್‌ಗಳಿಗೆಲ್ಲ ಟೆಸ್ಟ್ ಬರೆದು ಗುರಿ ಮುಟ್ಟಿದೆ. ಒಂದು ಸಾಲು ಓಡಿತೆಂದು ಕವರೇಜ್ ಅಳೆಯುವ ಜಕೋಕೊ ಹೇಳಬಲ್ಲದು. ಆ ಸಾಲಿನ ಫಲವನ್ನು ಯಾರಾದರೂ ನೋಡಿದರೇ ಎಂದು ಹೇಳಲಾರದು. ಕೋಡನ್ನು ತಾನೇ ಅಲ್ಲಲ್ಲಿ ಕೆಡಿಸಿ, ಟೆಸ್ಟುಗಳು ಹಿಡಿದವೇ ಎಂದು ನೋಡುವ ಪಿಟ್ ಎಂಬ ಸಾಧನವನ್ನು ಆ ಗೆಟರ್ ಟೆಸ್ಟುಗಳ ಮೇಲಲ್ಲ, ತೆರಿಗೆ ಲೆಕ್ಕದ ಮೇಲೆ ಓಡಿಸಿದೆ. 'ಹೆಚ್ಚು' ಎಂಬುದನ್ನು 'ಹೆಚ್ಚು ಅಥವಾ ಸಮ' ಎಂದು ಬದಲಿಸಿದರೂ ನನ್ನ ಟೆಸ್ಟುಗಳಲ್ಲಿ ಒಂದೂ ತುಟಿ ಬಿಚ್ಚಲಿಲ್ಲ.

13. ಬಗ್ ಬಂದಾಗ ಮೊದಲು ಟೆಸ್ಟ್

ಹಳೆಯ ಪ್ರಾಜೆಕ್ಟಿಗೆ ಪೂರ್ತಿ ಟೆಸ್ಟ್ ಬರೆಯುತ್ತೇನೆಂದು ಒಮ್ಮೆ ಪಣ ತೊಟ್ಟಿದ್ದೆ. ವರ್ಣಮಾಲೆಯ ಕ್ರಮದಲ್ಲಿ ಕ್ಲಾಸುಗಳನ್ನು ಹಿಡಿದು, ಯಾರೂ ಮುಟ್ಟದ, ಯಾರಿಗೂ ಬೇಡದ ಕೆಲವನ್ನು ಮುಗಿಸುವಷ್ಟರಲ್ಲಿ ರಿಲೀಸಿನ ದಿನ ಬಂತು, ಪಣ ಅಲ್ಲಿಗೇ ನಿಂತಿತು. ನಿಮ್ಮಲ್ಲೂ ಟೆಸ್ಟ್ ಇಲ್ಲದ ದೊಡ್ಡ ಕೋಡಿದ್ದರೆ ಹೀಗೆ ಮಾಡಬೇಡಿ. ಮುಂದಿನ ಬಗ್ ಬರುವವರೆಗೆ ಕಾಯಿರಿ, ಹೆಚ್ಚು ದಿನ ಕಾಯಬೇಕಾಗಿಲ್ಲ. ಬಂದಾಗ ತಿದ್ದುವ ಮೊದಲು ಆ ಬಗ್ ತೋರಿಸುವ ಒಂದೇ ಒಂದು ಟೆಸ್ಟ್ ಬರೆಯಿರಿ, ಅದಕ್ಕೆ ಅಡ್ಡ ಬಂದ ಕ್ಲಾಸನ್ನು ಬೇಕಾದಷ್ಟೇ ಬಿಡಿಸಿ. ಅಂಗಡಿಯವರು ಫೋನಿನಲ್ಲಿ ಹೇಳಿದ ಬೆಲೆ, ತಾರೀಕು, ಹೆಸರುಗಳನ್ನೇ ಅದರಲ್ಲಿ ಬಳಸಿ. ಟೆಸ್ಟಿನ ಹೆಸರು ಉದ್ದವಾದರೂ ಚಿಂತೆಯಿಲ್ಲ. ಅದು ಬಿದ್ದ ದಿನ ಓದುವವರು ಬಹುಶಃ ನೀವಲ್ಲ, ನಿಮ್ಮ ನಂತರ ಆ ಕುರ್ಚಿಗೆ ಬಂದವರು.